ಅಮ್ಮನಿಗೆ ರೋಮ್ ತೋರಿಸಿದ್ದು

ಒಂದೂರಲ್ಲಿ ಒಬ್ಬ ಪೆದ್ದ ಇದ್ದ. ಊರು ಬಾಣಾವರ. ಪೆದ್ದ ನಾನೇ. ಈಗಲೇ ನಗಬೇಡಿ, ನಗೋ ಜಾಗ ಇನ್ನೂ ಬಂದಿಲ್ಲ.

ನನ್ನ ಹೆಸರು ಮುಕುಂದ. ಅಮ್ಮ ಕಾತ್ಯಾಯಿನಿ ಟೀಚರ್. ಊರಿನ ಅರ್ಧ ಮಕ್ಕಳಿಗೆ ಚರಿತ್ರೆ ಕಲಿಸಿ ದಾರಿಗೆ ಹಚ್ಚಿದವಳು, ನನ್ನೊಬ್ಬನ ಮುಂದೆ ಸೋತು ಕೂತಳು. "ಬಾಯಿ ಮುಚ್ಕೊಂಡು ಊಟ ಮಾಡೋ" ಅಂದರೆ ಉಪವಾಸ ಬೀಳೋ ಮಗನಿಗೆ ಏನು ಕಲಿಸ್ತಾಳೆ ಪಾಪ! ದೇವರು ನನ್ನ ಪಾಲಿನ ಬುದ್ಧಿಯನ್ನೆಲ್ಲ ಸ್ಟೇರಿಂಗ್ ಹಿಡಿಯೋ ಕೈಗೇ ಸುರಿದಿದ್ದ. ತಲೆಗೆ ಬರೋ ಹೊತ್ತಿಗೆ ಪಾತ್ರೆ ಖಾಲಿ.

ಅಮ್ಮನ ತಮ್ಮ ಶ್ರೀಕಂಠು ಮಾವ ಇಟಲಿಯಲ್ಲಿ ಅಡುಗೆ ಕೆಲಸದಲ್ಲಿದ್ದ. ಅಮ್ಮ ರಿಟೈರ್ ಆದ ವರ್ಷ, "ಅಕ್ಕ, ಜೀವಮಾನವೆಲ್ಲ ರೋಮಿನ ಪಾಠ ಮಾಡಿದೀಯ, ಒಂದ್ಸಲ ಬಂದು ನೋಡ್ಬಾರ್ದಾ?" ಅಂತ ಕರೆಸಿಕೊಂಡ. ಅಮ್ಮನಿಗೆ ಎಲ್ಲಕ್ಕಿಂತ ಕೊಲೋಸಿಯಂ ಮೇಲೆ ಕಣ್ಣು. ಮಾವನಿಗೆ ರಜೆ ಇರಲಿಲ್ಲ, ಗಾಡಿ ಇತ್ತು. ಎಂಥ ಗಾಡಿ ಅಂತೀರಿ! ಒಳಗೇ ಹಾಸಿಗೆ, ಒಳಗೇ ಒಲೆ, ಒಳಗೇ ನಲ್ಲಿ. ಅಮ್ಮ ಅದಕ್ಕೆ ಮನೆಗಾಡಿ ಅಂತ ಹೆಸರಿಟ್ಟಳು. "ಜೋಪಾನ ಕಣೋ, ನಿನಗಿಂತ ಹಳೇದು ಇದು" ಅಂತ ಮಾವ ಬೀಗದ ಕೈ ಕೊಟ್ಟ. ನಾನು ಸ್ಟೇರಿಂಗ್ ಹಿಡಿದೆ. ಹೊರಟೆವು.

ಮೊದಲು ಪೀಸಾ. ಅಲ್ಲೊಂದು ಗೋಪುರ, ಓರೆಯಾಗಿ ನಿಂತಿದೆ. ಎದುರಿಗೆ ಹುಲ್ಲಿನ ಮೇಲೆ ಎಷ್ಟೋ ಜನ ಎರಡೂ ಕೈ ಚಾಚಿ ನಿಂತಿದ್ದರು. ಅಮ್ಮ ಫೋನ್ ತೆಗೆದು, "ನೀನೂ ಬೀಳ್ದಂಗೆ ಹಿಡ್ಕೊಳೋ" ಅಂದಳು. ನಾನು ಕೈ ಚಾಚಿದೆ. ಫೋಟೋ ತೆಗೆದು ಅಮ್ಮ ಚರ್ಚು ನೋಡಕ್ಕೆ ಹೋದಳು. ಅಷ್ಟರಲ್ಲಿ ಉಳಿದವರೂ ಒಬ್ಬೊಬ್ಬರೇ ಕೈ ಇಳಿಸಿ ಐಸ್‌ಕ್ರೀಮ್ ತಿನ್ನಕ್ಕೆ ಹೊರಟರು. ಇಷ್ಟು ದೊಡ್ಡ ಗೋಪುರ, ಹಿಡಿಯೋಕೆ ನಾನೊಬ್ಬನೇ! ಓಡಿಹೋಗಿ ಗೋಡೆಗೆ ಹೆಗಲು ಕೊಟ್ಟೆ. ಕಾವಲಿನವನು ಎಳೆದ. ನಾನು ಬಿಡಲಿಲ್ಲ. ಇನ್ನೊಬ್ಬ ಬಂದ. ಆಗಲೂ ಬಿಡಲಿಲ್ಲ.

"ಬಿಡೋ ಗೋಪುರಾನಾ!" ಅಂತ ಅಮ್ಮ ಓಡಿ ಬಂದಳು.

"ಬಿಟ್ರೆ ಬೀಳುತ್ತಮ್ಮ!"

"ಅಯ್ಯೋ ಪೆದ್ದ ಮುಂಡೇದೇ! ನಿಮ್ಮಪ್ಪನ ಕಾಲದಿಂದ ನೀನೇ ಹಿಡ್ಕೊಂಡಿದ್ಯಾ? ಕೇಳು. ಈ ದೇಶದಲ್ಲಿ ಹಳೇದು ಯಾವುದನ್ನೂ ಮುಟ್ಟಬಾರ್ದು. ಕೈ ಹಿಂದಕ್ಕೆ ಕಟ್ಕೊಂಡು ಸುಮ್ಮನೆ ನೋಡಬೇಕು. ತಿಳೀತಾ?"

"ತಿಳೀತಮ್ಮ."

ಮಾರನೇ ದಿನ ಸಿಯೆನಾ ದಾರಿ. ಇಳಿಜಾರಲ್ಲಿ ಗಾಡಿ ನಿಲ್ಲಿಸಿ, ಕಾಲು ಸಡಿಲಾಗಲಿ ಅಂತ ಇಳಿದೆ. ಅಮ್ಮ ಒಳಗೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕ್ತಿದ್ದಳು. ಹ್ಯಾಂಡ್‌ಬ್ರೇಕು ಸಡಿಲ. ಗಾಡಿ ನಿಧಾನಕ್ಕೆ ಹೊರಟಿತು. ಬಾಗಿಲ ಹಿಡಿ ಕೈಗೆ ಸಿಗೋ ಹಾಗೇ ನನ್ನ ಮುಂದೆ ಹೋಯಿತು. ನಾನು ಕೈ ಹಿಂದಕ್ಕೆ ಕಟ್ಕೊಂಡೆ. ನೋಡಿದೆ. ಗಾಡಿ ದಾರಿ ಬಿಟ್ಟು, ಯಾರದೋ ಆಲಿವ್ ತೋಟಕ್ಕೆ ನುಗ್ಗಿ, ಒಂದು ಮರಕ್ಕೆ ಒರಗಿ ನಿಂತಿತು. ಅಮ್ಮ ಇಳಿದಳು. ತಲೆಯ ಮೇಲೆ ರವೆ, ಕೈಯಲ್ಲಿ ಸೌಟು.

"ಹಿಡ್ಕೊಳಕ್ಕೇನೋ ಬಂದಿತ್ತು ನಿಂಗೆ?"

"ಹಳೇ ಗಾಡಿ ಅಲ್ವೇನಮ್ಮ? ಮಾವ ತಾನೆ ಹೇಳಿದ್ದು!"

ಅಮ್ಮ ಸೌಟು ಎತ್ತಿದಳು, ಆಕಾಶ ನೋಡಿದಳು, ಇಳಿಸಿದಳು. "ಕರ್ಮ! ಹಂಗೇನಾದ್ರೂ ಹೊರಟ್ರೆ ಅಡ್ಡ ಹೋಗ್ಬೇಕು ಕಣೋ. ಗಂಟಲು ಹರಿಯೋ ಹಂಗೆ 'ನಿಲ್ಸಿ, ನಿಲ್ಸಿ' ಅಂತ ಕೂಗ್ಬೇಕು. ತಿಳೀತಾ?"

"ತಿಳೀತಮ್ಮ."

ಆಮೇಲೆ ಒರ್ವಿಯೆಟೊ. ಬೆಟ್ಟದ ಮೇಲಿನ ಊರು. ದೊಡ್ಡ ಚರ್ಚಿನ ಬಾಗಿಲು ತೆರೆದೇ ಇತ್ತು. ಒಳಗೆ ಬಿಳೀ ಬಟ್ಟೆ ಹಾಕಿಕೊಂಡ ಹುಡುಗಿ ಅಪ್ಪನ ಕೈ ಹಿಡಿದು ನಿಧಾನಕ್ಕೆ, ಥೇಟ್ ನಮ್ಮ ಗಾಡಿ ಹೊರಟ ಹಾಗೆ, ಮುಂದಕ್ಕೆ ಹೊರಟಿದ್ದಳು. ನಾನು ಓಡಿ ಅಡ್ಡ ನಿಂತೆ. "ನಿಲ್ಸಿ! ನಿಲ್ಸಿ! ನಿಲ್ಸಿ!"

ಸಂಗೀತ ನಿಂತಿತು. ಭಾಷೆ ತಿಳಿಯದಿದ್ದರೇನು, ಮದುವೇಲಿ ಅಡ್ಡ ನಿಂತು ಕೂಗೋ ಗಂಡಸಿನ ಅರ್ಥ ಯಾವ ದೇಶದಲ್ಲಾದರೂ ಒಂದೇ. ವರ ಬೆಳ್ಳಗಾದ. ಅಪ್ಪ ಕೆಂಪಗಾದ. ಹುಡುಗಿ ನನ್ನನ್ನ ತಲೆಯಿಂದ ಕಾಲಿನವರೆಗೆ ನೋಡಿ, ಇಂಥವನನ್ನ ನಾನು ಯಾವಾಗ ಒಪ್ಪಿದ್ದೆ ಅಂತ ಯೋಚನೆಗೆ ಬಿದ್ದಳು. ಅಮ್ಮ ಎಲ್ಲರಿಗೂ ಕೈ ಮುಗಿದು, ತನ್ನ ತಲೆ ತಟ್ಟಿ, ನನ್ನ ತಲೆ ತೋರಿಸಿದಳು. ಅದು ಎಲ್ಲರಿಗೂ ಅರ್ಥವಾಯಿತು.

"ಮದುವೆ ಕಣೋ ಅದು! ಜೋಡಿ ಕಂಡ್ರೆ ನಗ್ತಾ ಅಕ್ಕಿ ಹಾಕ್ಬೇಕು, ಚಪ್ಪಾಳೆ ತಟ್ಬೇಕು. 'ಮನೆ ತುಂಬ ಮಕ್ಕಳಾಗ್ಲಿ' ಅನ್ಬೇಕು. ತಿಳೀತಾ?"

"ತಿಳೀತಮ್ಮ." ಎರಡೂ ಜೇಬಿಗೆ ಸೋನಾಮಸೂರಿ ತುಂಬಿಕೊಂಡೆ.

ರೋಮ್ ಕೊನೆಗಿರಲಿ ಅಂತ ಅಮ್ಮ ಮೊದಲು ಪಾಂಪೆಗೆ ನಡಿ ಅಂದಳು. ಬೆಟ್ಟ ಉರಿದು, ಬೂದಿ ಸುರಿದು, ಒಂದಿಡೀ ಊರು ಮುಚ್ಚಿಹೋದ ಜಾಗ. ಸತ್ತವರ ಮೈಯ ಆಕಾರದ ಗಾರೆ ಅಚ್ಚುಗಳನ್ನ ಬಿದ್ದಲ್ಲಿ ಬಿದ್ದ ಹಾಗೇ ಇಟ್ಟಿದ್ದಾರೆ. ಎರಡು ಅಚ್ಚು ಪಕ್ಕಪಕ್ಕದಲ್ಲಿ ಮಲಗಿದ್ದವು. ಅಮ್ಮನ ಕಣ್ಣು ತುಂಬಿತು. ಸುತ್ತ ಇದ್ದವರು ಪಿಸುಗುಟ್ಟೋದನ್ನೂ ಬಿಟ್ಟಿದ್ದರು. ಜೋಡಿ! ನಾನು ಜೇಬಿಗೆ ಕೈ ಹಾಕಿದೆ. ಸುರ್ ಅಂತ ಅಕ್ಕಿ ಬಿತ್ತು, ಪಟಪಟ ಚಪ್ಪಾಳೆ ತಟ್ಟಿದೆ. "ಮನೆ ತುಂಬ ಮಕ್ಕಳಾಗ್ಲಿ!"

ಸೀಟಿ ಊದಿದರು. ಇಬ್ಬರನ್ನೂ ಹೊರಕ್ಕೆ ಕಳಿಸಿದರು. ಅಮ್ಮ ಗೇಟಿನ ಹೊರಗೆ ಕಲ್ಲಿನ ಮೇಲೆ ಕೂತು ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಬೈಯಲಿಲ್ಲ ಅವತ್ತು. ಬೈಯದೆ ಇದ್ದದ್ದೇ ನನಗೆ ಚುಚ್ಚಿತು.

"ಅಮ್ಮ, ಇನ್ನೇನು ಮಾಡ್ಬೇಕು ಹೇಳು, ಹಂಗೇ ಮಾಡ್ತೀನಿ."

"ಹಂಗೇ ಮಾಡ್ತೀಯ, ಅದೇ ಕಷ್ಟ" ಅಂದಳು. "ಅಲ್ಲಾಡದೆ ಮಲಗಿದವ್ರು ಕಂಡ್ರೆ ತಲೆ ಬಗ್ಗಿಸಿ ನಿಂತ್ಕೋ. ಕಣ್ಣು ಮುಚ್ಕೋ. ತುಟಿಪಿಟಿಕ್ಕೆನ್ನಬೇಡ."

"ತಿಳೀತಮ್ಮ."

ರೋಮ್ ಬಂತು. ಊರಾಚೆ ಇಂಥ ಗಾಡಿಗಳೇ ನಿಲ್ಲೋ ಬಯಲಲ್ಲಿ ನಿಲ್ಲಿಸಿದೆವು. ಮಧ್ಯಾಹ್ನ ಮೂರಕ್ಕೆ ಕೊಲೋಸಿಯಂ ಒಳಗೆ ಹೋಗೋಕೆ ಮಾವ ಟಿಕೆಟ್ ಮಾಡಿಸಿದ್ದ. ಅಮ್ಮ ಬೆಳಿಗ್ಗೆಯೇ ರೇಷ್ಮೆ ಸೀರೆ ಉಟ್ಟಳು. ಊಟವಾದ ಮೇಲೆ, "ಸ್ವಲ್ಪ ಬೆನ್ನು ಚಾಚ್ತೀನಿ, ಎಬ್ಬಿಸು" ಅಂತ ಗಾಡಿಯ ಹೊರಗೆ ನೆರಳಲ್ಲಿ ಚಾಪೆ ಹಾಸಿ ಮಲಗಿದವಳು ನೊಣಕ್ಕೆ ಅಂಜಿ ಮುಖದ ತನಕ ಬಿಳೀ ಹೊದಿಕೆ ಎಳೆದುಕೊಂಡಳು. ಎಬ್ಬಿಸೋ ಹೊತ್ತಿಗೆ ಹೋದೆ. ಅಮ್ಮ ಅಲ್ಲಾಡ್ತಿಲ್ಲ. ತಲೆ ಬಗ್ಗಿಸಿದೆ. ಕಣ್ಣು ಮುಚ್ಚಿದೆ. ತುಟಿಪಿಟಿಕ್ಕೆನ್ನಲಿಲ್ಲ.

ಪಕ್ಕದ ಗಾಡಿಯ ಮುದುಕ ನೋಡಿದ, ಟೋಪಿ ತೆಗೆದ. ಅವನ ಹೆಂಡತಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿ ಅಳೋಕೆ ಶುರುಮಾಡಿದಳು. ಯಾರೋ ಮೇಣದ ಬತ್ತಿ ಹಚ್ಚಿದರು. ಆ ಬಯಲಿನ ಒಡತಿ ಅಸ್ಸೂಂತಾ ಅಂತ, ಗಟ್ಟಿಮುಟ್ಟು ಹೆಂಗಸು, ಹೂವು ತಂದು ಅಮ್ಮನ ಕಾಲ ಹತ್ತಿರ ಇಟ್ಟಳು, ಪಾದ್ರಿಯನ್ನ ಕರೆಸಿದಳು. ನಾನು ಒಂದು ಕಣ್ಣು ಬಿಟ್ಟೆ. ಸುತ್ತ ಎಲ್ಲರೂ ಅಳ್ತಿದ್ದಾರೆ! ಇಷ್ಟು ಜನ ಸುಮ್ಮನೆ ಅಳ್ತಾರಾ? ಅಯ್ಯೋ, ನಮ್ಮಮ್ಮ ಹೋಗಿಬಿಟ್ಟಳು! ನನಗೆ ಎಂಥ ದುಃಖ ಬಂತು ಅಂದರೆ, ಎಲ್ಲರಿಗಿಂತ ಜೋರಾಗಿ ನಾನೇ ಅತ್ತೆ.

ಆ ಅಳುವಿಗೆ ಅಮ್ಮ ಎದ್ದು ಕೂತಳು. "ಯಾರೋ ಸತ್ತಿದ್ದು?"

ಎಲ್ಲರೂ ಓಡಿದರು. ಎಲ್ಲರಿಗಿಂತ ಮುಂದೆ ನಾನು, ನನ್ನ ಹಿಂದೆ ಪಾದ್ರಿ.

ಅಷ್ಟೊತ್ತಿಗೆ ಕೊಲೋಸಿಯಂ ಹೊತ್ತು ಮೀರಿತ್ತು. ಅಮ್ಮ ರೇಷ್ಮೆ ಸೀರೆಯಲ್ಲಿ, ಮೇಣದ ಬತ್ತಿ ನಡುವೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಟಿಕೆಟ್ ತೋರಿಸಿದ ಮೇಲೆ ಅಸ್ಸೂಂತಾಗೆ ವಿಷಯ ತಿಳಿಯಿತು. ನನ್ನನ್ನ ಒಂದ್ಸಲ ನೋಡಿದಳು, ಅಮ್ಮನನ್ನ ಬಾಚಿ ತಬ್ಬಿಕೊಂಡಳು. ಯಾರ್ಯಾರಿಗೋ ಫೋನ್ ಮಾಡಿದಳು. ಮಾರನೇ ದಿನ ತಾನೇ ಕಾರಲ್ಲಿ ಕರೆದುಕೊಂಡು ಹೋಗೋದು ಅಂತಾಯಿತು. ಅಮ್ಮನನ್ನ ಮಾತ್ರ.

ಹೊರಡೋವಾಗ ಅಮ್ಮ ನನ್ನ ಎರಡೂ ಭುಜ ಹಿಡಿದಳು. "ನನ್ನಪ್ಪ, ನಾನು ಬರೋತನಕ ಉಸಿರಾಡ್ತಾ ಇರು. ಅಷ್ಟೇ. ಅದು ಬಿಟ್ಟು ಬೇರೆ ಏನೂ, ಏನೇನೂ ಮಾಡ್ಬೇಡ. ತಿಳೀತಾ?"

"ತಿಳೀತಮ್ಮ."

ಅಮ್ಮ ಕೊಲೋಸಿಯಂ ನೋಡಿದಳು. ಕಲ್ಲು ಕಲ್ಲಿನ ಕತೆ ಅಸ್ಸೂಂತಾಗೇ ಹೇಳಿಕೊಟ್ಟಳಂತೆ, ಇವಳ ಕನ್ನಡಕ್ಕೆ ಅವಳು ತಲೆ ಆಡಿಸಿದಳಂತೆ. ಸಂಜೆ ಇಬ್ಬರೂ ನಗ್ತಾ ನಗ್ತಾ ಬಂದು ಕಾರಿಳಿದರು. ಇಳಿದವರು ಅಲ್ಲೇ ನಿಂತರು.

ಮಧ್ಯಾಹ್ನ ಜೋರು ಮಳೆ ಬಂದು ಹೋಗಿತ್ತು. ಬೆಳಿಗ್ಗೆ ಅಮ್ಮ ಒಣಗಲಿ ಅಂತ ಹೊರಗೆ ಹಾಕಿದ್ದ ಹಾಸಿಗೆ, ದಿಂಬು, ಹೊದಿಕೆ, ಅಮ್ಮನ ಸೀರೆಗಳು, ಎಲ್ಲ ಕೆಸರಲ್ಲಿ ತೇಲ್ತಿದ್ದವು. ಗಾಡಿಯ ಬಾಗಿಲು ಹಾರು ಹೊಡೆದಿತ್ತು, ಒಳಗೆ ಎರಡು ನಾಯಿಗಳು ನಮ್ಮ ಅನ್ನ ಉಣ್ಣುತ್ತಿದ್ದವು. ನಡುವೆ ನಾನು, ತೊಪ್ಪೆಯಾಗಿ, ನೆಟ್ಟಗೆ.

"ಮುಕುಂದಾ!" ಅಂದಳು ಅಮ್ಮ.

ನಾನು ಎದೆ ತುಂಬ ಉಸಿರು ಎಳೆದುಕೊಂಡು, ಬಿಟ್ಟು ತೋರಿಸಿದೆ.