ಖಾನಾವಳಿಯ ಅವ್ವ ಊಟಕ್ಕೆ ಕುಳಿತದ್ದು

“ಅಜ್ಜಾರೇ, ವಯಸ್ಸಾಗುವುದನ್ನು ಸಂತೋಷದಿಂದ ಒಪ್ಪಿಕೊಳ್ಳಬೇಕು ಎಂದು ನೀವೇ ಹೇಳುತ್ತೀರಿ. ಹಾಗೆ ಒಪ್ಪಿಕೊಂಡವರು ಐವತ್ತು ದಾಟಿದ ಮೇಲೆ ದವಡೆ ಸರಿಮಾಡಿಸಿಕೊಳ್ಳಲು ಆಸ್ಪತ್ರೆಗೆ ಓಡುತ್ತಾರೆಯೇ?”

ಕೇಳಿದವನು ಅಡಿವೆಪ್ಪ. ಬಹಳ ವರ್ಷಗಳಿಂದ ಮಠಕ್ಕೆ ನಡೆದುಕೊಳ್ಳುವ ಶಿಷ್ಯ. ಆ ಮಠದ ಸ್ವಾಮಿಗಳಾದ ಅಜ್ಜಾರು ಅವನ ಮುಖ ನೋಡಿದರು.

“ಯಾರ ದವಡೆ?”

“ನಮ್ಮಕ್ಕ ಪಾರವ್ವನದು. ಚಿಕ್ಕಂದಿನಿಂದಲೂ ಅವಳ ಕೆಳದವಡೆ ಸ್ವಲ್ಪ ಮುಂದೆ. ಭಾವ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದಾಳೆ. ಈಗ ಯಾವುದೋ ಡಾಕ್ಟರನ್ನು ಕೇಳಿಕೊಂಡು ಬಂದಿದ್ದಾಳೆ. ಎಲುಬು ಕೊಯ್ದು, ಹಿಂದಕ್ಕೆ ಸರಿಸಿ ಕೂಡಿಸುತ್ತಾರಂತೆ. ಜೊತೆಗೆ ಬಾ ಎಂದು ನನ್ನನ್ನು ಕರೆದಳು. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಇದೆಲ್ಲ ಏನಕ್ಕ, ದೇವರ ಧ್ಯಾನ ಮಾಡಿಕೊಂಡು ಇರು ಎಂದೆ. ಅವಳು ಎದ್ದು ಅಡುಗೆಮನೆಗೆ ಹೋದಳು. ನಾನು ಹೋಗದಿದ್ದರೆ ಅವಳೂ ಹೋಗುವುದಿಲ್ಲ. ನಾನು ಹೇಳಿದ್ದು ಸರಿಯಲ್ಲವೇ?”

“ಸರಿ ಎಂದು ನನ್ನ ಬಾಯಿಂದ ಹೇಳಿಸಿಕೊಂಡು ಹೋಗಲು ಬಂದಿದ್ದೀಯ” ಎಂದರು ಅಜ್ಜಾರು. “ಅಜ್ಜಾರೇ ಬೇಡ ಅಂದರು ಎಂದು ಅಕ್ಕನಿಗೆ ಹೇಳಿಬಿಟ್ಟರೆ ನಿನ್ನ ಕೆಲಸ ಮುಗಿಯಿತು. ಭಲೇ! ಇಂಥದ್ದಕ್ಕೆಲ್ಲ ನನ್ನನ್ನು ಬಳಸಿಕೊಳ್ಳಬೇಡ. ಕುಳಿತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ.”

ಅಡಿವೆಪ್ಪ ಕುಳಿತ. ಅಜ್ಜಾರು ಹೇಳತೊಡಗಿದರು.

ಒಂದು ಊರಿನಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಒಬ್ಬಾಕೆ ಖಾನಾವಳಿ ನಡೆಸುತ್ತಿದ್ದಳು. ಆಕೆಯ ಹೆಸರು ಯಾರಿಗೂ ಬೇಕಿರಲಿಲ್ಲ. ಎಲ್ಲರೂ ಅವ್ವ ಎನ್ನುತ್ತಿದ್ದರು. ಆಕೆ ಬಡಿದ ಜೋಳದ ರೊಟ್ಟಿ ತಿನ್ನಲು ಪಕ್ಕದ ಊರುಗಳಿಂದಲೂ ಜನ ಬರುತ್ತಿದ್ದರು. ಬಿಸಿ ಬೇಕೆಂದವರಿಗೆ ಬಿಸಿ ರೊಟ್ಟಿ, ಕಡಕ್ ಬೇಕೆಂದವರಿಗೆ ಗರಿಗರಿಯಾಗಿ ಒಣಗಿದ ಕಡಕ್ ರೊಟ್ಟಿ. ತಾಟಿನಲ್ಲಿ ಪಲ್ಯ ಮುಗಿಯುವ ಮೊದಲೇ ಇನ್ನಷ್ಟು ಬಂದು ಬೀಳುತ್ತಿತ್ತು. ಸಾಕು ಎಂದರೆ ಬಿಡುವ ಹೆಂಗಸಲ್ಲ. ‘ಹರೇದ ಹುಡುಗ ಇಷ್ಟ ಉಂಡ್ರ ಹೆಂಗಪಾ?’ ಎಂದು ಗದರಿ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಆದರೆ ಆಕೆ ಉಣ್ಣುವುದನ್ನು ಕಂಡವರಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಳಗೆ ಉಣ್ಣುತ್ತಿದ್ದಳು. ಗಂಡ ಗಲ್ಲಾಪೆಟ್ಟಿಗೆಯ ಹತ್ತಿರ ಕುಳಿತಿರುತ್ತಿದ್ದ, ಅವನೂ ಕಂಡವನಲ್ಲ. ಜನ ಏನು ತಿಳಿದರು? ಇಂಥ ತಾಯಿ ಇನ್ನೊಬ್ಬಳಿಲ್ಲ, ಊರಿಗೆಲ್ಲ ಉಣಿಸಿ ಉಳಿದದ್ದನ್ನು ತಾನು ಉಣ್ಣುತ್ತಾಳೆ ಎಂದರು. ಹೆಂಗಸು ಕೊನೆಗೆ ಉಂಡರೆ ನಮ್ಮ ಜನಕ್ಕೆ ಬಹಳ ಭಕ್ತಿ ಬರುತ್ತದೆ ನೋಡು. ಯಾಕವ್ವಾ ಕೊನೆಗೆ ಉಣ್ಣುತ್ತೀ ಎಂದು ಕೇಳುವ ಬುದ್ಧಿ ಮಾತ್ರ ಬರುವುದಿಲ್ಲ.

ಆಕೆಯ ಸಂಕಟ ಬೇರೆಯೇ ಇತ್ತು. ಕೆಳದವಡೆ ಮುಂದಕ್ಕೆ ಬೆಳೆದಿತ್ತು. ಬಾಯಿ ಮುಚ್ಚಿದರೂ ಮುಂದಿನ ಹಲ್ಲುಗಳು ಒಂದಕ್ಕೊಂದು ತಾಗುತ್ತಿರಲಿಲ್ಲ, ನಡುವೆ ಬೆರಳು ತೂರುವಷ್ಟು ಸಂದಿ. ರೊಟ್ಟಿ ಕಡಿಯಲಾಗದು. ಹಾಲಿನಲ್ಲೋ ಸಾರಿನಲ್ಲೋ ನೆನೆಸಿ, ಬೆರಳಿನಿಂದ ಹಿಂದಿನ ಹಲ್ಲಿಗೆ ತಳ್ಳಿ, ಅರೆದು ನುಂಗಬೇಕು. ತುತ್ತಿನಲ್ಲಿ ಅರ್ಧ ಹೊರಗೆ ಬರುತ್ತಿತ್ತು. ಮದುವೆಯಾದ ಹೊಸತರಲ್ಲಿ ಪಂಕ್ತಿಯಲ್ಲಿ ಯಾರೋ ಅದನ್ನು ನೋಡಿ ನಕ್ಕರು. ಅಂದಿನಿಂದ ಆಕೆ ನಾಲ್ಕು ಜನರ ನಡುವೆ ಊಟಕ್ಕೆ ಕುಳಿತಿರಲಿಲ್ಲ. ಊರಿಗೆಲ್ಲ ಕಡಕ್ ರೊಟ್ಟಿ ಮಾಡಿ ಹಾಕಿದವಳು ತಾನು ಒಂದು ಚೂರನ್ನೂ ಕಟುಂ ಎಂದು ಕಡಿದವಳಲ್ಲ. ಎಲ್ಲರ ಜೊತೆ ಕುಳಿತು ಉಣ್ಣಬೇಕು. ಆಕೆಗಿದ್ದ ಆಸೆ ಅದೊಂದೇ.

ಹೀಗಿರುವಾಗ ಊರಿನ ವರ್ತಕರು ಆಕೆಗೆ ಸನ್ಮಾನ ಇಟ್ಟುಕೊಂಡರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಒಬ್ಬ ಕಿರಾಣಿ ವ್ಯಾಪಾರಿ ಮೈಕು ಹಿಡಿದು, ಎಲ್ಲರೂ ಉಂಡ ಮೇಲೆ ಉಣ್ಣುವ ಇಂಥ ತಾಯಿ ಇರುವುದರಿಂದಲೇ ನಮ್ಮೂರಿಗೆ ಮಳೆ ಬೆಳೆ ಆಗುತ್ತಿದೆ ಎಂದ. ಚಪ್ಪಾಳೆಯೋ ಚಪ್ಪಾಳೆ. ಸದ್ಯ ಮುಗಿಯಿತಲ್ಲ ಎಂದು ಆಕೆ ಏಳುವಷ್ಟರಲ್ಲಿ ಊಟಕ್ಕೆ ಕರೆದರು. ಇವತ್ತು ಬಡಿಸುವವರು ನಾವು, ಮೊದಲು ಉಣ್ಣುವವರು ನೀವು ಎಂದು ಆಕೆಯನ್ನು ಪಂಕ್ತಿಯಲ್ಲಿ ಮೊದಲಿಗೆ ಕೂರಿಸಿದರು. ಬಾಳೆ ಎಲೆ ಹಾಕಿ ಹೋಳಿಗೆ, ಕಡಕ್ ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಅವ್ವ ಮೊದಲ ತುತ್ತು ಬಾಯಿಗಿಡಲಿ ಎಂದು ಎಲ್ಲರೂ ಕೈಕಟ್ಟಿಕೊಂಡು ಆಕೆಯ ಬಾಯನ್ನೇ ನೋಡುತ್ತ ಕುಳಿತರು.

ಆಕೆ ಎದ್ದು ನಿಂತಳು. ‘ಇವತ್ತ ನಂದು ಉಪವಾಸ ಐತ್ರಿ’ ಎಂದಳು.

ಜನ ಏನು ಮಾಡಿದರು ಗೊತ್ತೇ? ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು. ಸನ್ಮಾನದ ದಿನವೂ ಉಪವಾಸ, ಎಂಥ ತಾಯಿ ಎಂದರು. ಕಿರಾಣಿ ವ್ಯಾಪಾರಿಯಂತೂ ಕಣ್ಣು ಒರೆಸಿಕೊಂಡ. ಆಕೆ ಮನೆಗೆ ಹೋಗಿ, ಶಾಲು ಗೂಟಕ್ಕೆ ಹಾಕಿ, ಬಿಕ್ಕಿ ಬಿಕ್ಕಿ ಅತ್ತಳು. ಹಸಿವೂ ಆಗಿತ್ತು ಪಾಪ.

ಮರುದಿನ ಆಕೆ ಖಾನಾವಳಿಗೆ ರಜೆ ಹಾಕಿ ಪಟ್ಟಣದ ದೊಡ್ಡ ಆಸ್ಪತ್ರೆಗೆ ಹೋದಳು. ಅಲ್ಲಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಬಾಯಿ ನೋಡಿದಳು, ಎಕ್ಸ್‌ರೇ ತೆಗೆಸಿದಳು. ‘ಇಷ್ಟು ವರ್ಷ ಬಿಟ್ಟು ಈಗ ಯಾಕಮ್ಮಾ ಬಂದಿರಿ?’ ಎಂದು ಕೇಳಿದಳು.

‘ಇನ್ನೂ ತಡಾ ಮಾಡಿ ಹಲ್ಲು ಬಿದ್ದ ಮ್ಯಾಲೆ ಬರ್ಲೇನವಾ?’ ಎಂದಳು ಆಕೆ.

ಡಾಕ್ಟರಮ್ಮ ನಕ್ಕಳು. ಆಮೇಲೆ ಏನನ್ನೂ ಮುಚ್ಚಿಡದೆ ಹೇಳಿದಳು. ಮೊದಲು ಹಲ್ಲಿಗೆ ತಂತಿ ಹಾಕಬೇಕು, ಅದು ಒಂದು ವರ್ಷವಾದರೂ ಇರಬೇಕು. ತಂತಿ ಹಲ್ಲುಗಳನ್ನು ಎಳೆದು ಸಾಲಿಗೆ ತರುವಾಗ ಬಾಯಿ ಮೊದಲಿಗಿಂತ ಕೆಟ್ಟದಾಗಿ ಕಾಣಲೂಬಹುದು. ಆಮೇಲೆ ದವಡೆಯ ಎಲುಬು ಕೊಯ್ದು, ಸರಿಸಿ, ಸಣ್ಣ ತಗಡು ಸ್ಕ್ರೂ ಹಾಕಿ ಕೂಡಿಸಬೇಕು. ಕೆಲವು ವಾರ ಹಾಲು, ಗಂಜಿ ಬಿಟ್ಟು ಬೇರೆ ಇಲ್ಲ. ಗದ್ದ ಜೋಮು ಹಿಡಿಯುತ್ತದೆ, ಆ ಜೋಮು ಪೂರ್ತಿ ಹೋಗದೆಯೂ ಇರಬಹುದು. ಹರೆಯದವರಿಗೆ ಬೇಗ ಮಾಯುತ್ತದೆ, ನಿಮಗೆ ನಿಧಾನ. ಎಲ್ಲವನ್ನೂ ಕೇಳಿಸಿಕೊಂಡು ಆಕೆ, ‘ನಿಧಾನ ಆದ್ರ ಆಗ್ಲಿ, ನಾ ಏನ್ ಬಸ್ ಹಿಡಿಯೂದೈತೇನು?’ ಎಂದಳು.

ಮನೆಗೆ ಬಂದು ಹೇಳಿದಾಗ ಗಂಡ ನಕ್ಕುಬಿಟ್ಟ. ‘ಮುದುಕಿ ಆಗೂ ಹೊತ್ತಿನ್ಯಾಗ ಮದುಮಗಳಾಗಾಕ ಹೊಂಟೀಯೇನ?’ ಎಂದ. ಊಟಕ್ಕೆ ಕುಳಿತಿದ್ದ ಗಿರಾಕಿಗಳೂ ಅವನ ಜೊತೆ ನಕ್ಕರು.

ಆಕೆಗೆ ಸಿಟ್ಟು ಬರಲಿಲ್ಲ. ‘ಮುದುಕಿ ಆಗಾಕನ ಹೊಂಟೀನ್ರಿ. ಚೊಲೋ ಮುದುಕಿ ಆಗಬೇಕಂತ ಮಾಡೀನಿ. ಉಣ್ಣೂ ದಿವಸ ಇನ್ನೂ ಭಾಳ ಅದಾವು. ಅಷ್ಟೂ ದಿವಸ ಬಾಗಲಾ ಹಾಕ್ಕೊಂಡ ಉಣ್ಲೇನು?’

ಕೇಳಿಸಿತೇ ಅಡಿವೆಪ್ಪಾ? ಹೋದ ಹರೆಯ ಮರಳಿ ಬರಲಿ ಎಂದು ಆಕೆ ಹೊರಟದ್ದಲ್ಲ. ಬರುವ ಮುಪ್ಪಿಗೆ ಮನೆ ಸಾರಿಸಿ ಇಟ್ಟುಕೊಂಡಳು. ಮುಂದೆ ಏನೂ ಇಲ್ಲ ಎಂದುಕೊಂಡವರಿಗೆ ಇಷ್ಟು ಧೈರ್ಯ ಬರುವುದಿಲ್ಲ. ಗಂಡನಿಗೆ ಆಕೆಯ ಮಾತು ಪೂರ್ತಿ ಅರ್ಥವಾಗಲಿಲ್ಲ. ಆದರೂ ಅವನು ಆಸ್ಪತ್ರೆಗೆ ಜೊತೆಗೆ ಹೋದ. ಅರ್ಥವಾಗದಿದ್ದರೂ ಹೋದ. ಅದನ್ನು ಗಮನಿಸಿದೆಯೇನು? ಇರಲಿ ಬಿಡು, ಕೇಳು.

ವರ್ಷ ಪೂರ್ತಿ ಆಕೆ ಹಲ್ಲಿನ ತಂತಿಯೊಂದಿಗೇ ರೊಟ್ಟಿ ಬಡಿದಳು. ಕಾಲೇಜು ಹುಡುಗಿಯರು ಬಂದು, ಅವ್ವಾ ನಮಗೂ ತಂತಿ ನಿಮಗೂ ತಂತಿ ಎಂದು ತಮಾಷೆ ಮಾಡುತ್ತಿದ್ದರು. ಆಕೆಯೂ ಹಲ್ಲು ತೋರಿಸಿ ನಗಲು ಕಲಿತಳು. ಆಮೇಲೆ ಆಪರೇಷನ್ ಆಯಿತು.

ಎಚ್ಚರವಾದಾಗ ಮುಖ ಬಾತುಕೊಂಡಿತ್ತು. ದವಡೆ ಅಲುಗದಿರಲಿ ಎಂದು ಮೇಲಿನ ತಂತಿಗೂ ಕೆಳಗಿನ ತಂತಿಗೂ ರಬ್ಬರು ಹಾಕಿ ಬಿಗಿದಿದ್ದರು. ಮಾತಿಲ್ಲ. ಮನೆಗೆ ಬಂದ ಮೇಲೆ ಕನ್ನಡಿ ನೋಡಿದಳು. ಚರ್ಮ ಬಿಗಿದು ನುಣ್ಣಗಾಗಿ, ಮುಖದಲ್ಲಿ ಒಂದು ಸುಕ್ಕೂ ಇರಲಿಲ್ಲ. ನೋಡಲು ಬಂದ ನೆರೆಮನೆಯ ಹೆಂಗಸರು, ‘ಅಯ್ಯ, ಇಪ್ಪತ್ತ ವರ್ಷ ಸಣ್ಣಾಕಿ ಕಂಡಂಗ ಕಾಣ್ತೀಯಲ್ಲ!’ ಎಂದು ಬಾಯಿ ಬಿಟ್ಟರು. ಒಬ್ಬಿಬ್ಬರಿಗೆ ಹೊಟ್ಟೆಕಿಚ್ಚೂ ಆಯಿತು ಎನ್ನು.

ಆಕೆಗೆ ಮಾತ್ರ ದಿಗಿಲಾಯಿತು. ಇದು ಯಾರ ಮುಖ? ಒಲೆಯ ಹೊಗೆಗೆ ಕಣ್ಣು ಕಿರಿದು ಮಾಡಿ ಮಾಡಿ ಬಿದ್ದ ಗೆರೆ ಇಲ್ಲ. ಹುಡುಗರನ್ನು ಗದರಿ, ಗದರಿದ ಮೇಲೆ ನಕ್ಕು, ತುಟಿಯ ಪಕ್ಕ ಬಿದ್ದ ಗೆರೆ ಇಲ್ಲ. ನಗಲು ಹೋದರೆ ಮುಖ ಕದಲುವುದಿಲ್ಲ. ಮಾಡಬಾರದ್ದನ್ನು ಮಾಡಿಸಿಕೊಂಡೆನೇ ಎಂದು ಹೆದರಿ ಹೋದಳು. ಮತ್ತೆ ತೋರಿಸಲು ಹೋದಾಗ ಮುಖ ಮುಟ್ಟಿ ಮುಟ್ಟಿ ಸನ್ನೆ ಮಾಡಿ ಕೇಳಿದಳು. ಡಾಕ್ಟರಮ್ಮ ಬೆನ್ನು ಸವರಿ, ‘ಬಾವು ಇಳಿದರೆ ನಿಮ್ಮ ಮುಖ ನಿಮಗೆ ಸಿಗುತ್ತದೆ. ಸುಕ್ಕು ಕಾಣಿಸಿತೆಂದರೆ ವಾಸಿಯಾಗುತ್ತಿದೆ ಎಂದು ತಿಳಿಯಿರಿ’ ಎಂದಳು.

ಅಂದಿನಿಂದ ಆಕೆ ಕನ್ನಡಿಯಲ್ಲಿ ಸುಕ್ಕು ಹುಡುಕತೊಡಗಿದಳು. ಯೋಚನೆ ಮಾಡು ಮಾರಾಯ. ಸುಕ್ಕು ಕಂಡರೆ ಕನ್ನಡಿ ಕಡೆಗೆ ಬೆನ್ನು ಹಾಕುವ ಜನ ನಾವು. ಆಕೆ ಎದ್ದ ಕೂಡಲೇ ಕನ್ನಡಿಗೆ ಮುಖ ಒಡ್ಡಿ, ಬಂತೇ, ಇನ್ನೂ ಇಲ್ಲವೇ ಎಂದು ನೋಡುತ್ತಿದ್ದಳು. ಗಂಜಿ ಕುಡಿಯುತ್ತ ಕಾದಳು. ಒಂದು ದಿನ ಬೆಳಗ್ಗೆ ಬಿಗಿದ ಹಲ್ಲಿನ ನಡುವಿನಿಂದಲೇ ಕೂಗಿದಳು, ‘ಏನ್ರೀ, ಬಂತು, ಬಂತು ನೋಡ್ರಿ!’ ಗಂಡ ಯಾರೋ ಬೀಗರು ಬಂದರೆಂದು ತಲೆಬಾಗಿಲಿಗೆ ಓಡಿದ. ಅಲ್ಲಿ ಯಾರೂ ಇಲ್ಲ. ತಿರುಗಿ ನೋಡಿದರೆ ಆಕೆ ತುಟಿಯ ಪಕ್ಕದ ಸಣ್ಣ ಗೆರೆಯೊಂದಕ್ಕೆ ಬೆರಳಿಟ್ಟು ನಿಂತಿದ್ದಾಳೆ, ಕಣ್ಣಲ್ಲಿ ನೀರು. ಇಬ್ಬರೂ ನಕ್ಕರು. ಆಕೆಯ ನಗೆ ಅರ್ಧ ಮಾತ್ರ ಹೊರಗೆ ಬಂತು. ಅಷ್ಟಕ್ಕೇ ಆಕೆಗೆ ಹಿಗ್ಗೋ ಹಿಗ್ಗು.

ರಬ್ಬರು ಬಿಚ್ಚಿದರು. ಗಂಜಿ ಹೋಗಿ ಮೆತ್ತನೆಯ ಅನ್ನ ಬಂತು. ಆಮೇಲೆ ಬಿಸಿ ರೊಟ್ಟಿ. ಬಹಳ ತಿಂಗಳಾದ ಮೇಲೆ ಡಾಕ್ಟರಮ್ಮ, ಇನ್ನು ಬೇಕಾದ್ದು ತಿನ್ನಿ ಎಂದಳು.

ಅವತ್ತು ಸಂತೆಯ ದಿನ, ಖಾನಾವಳಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಕೆ ಎಲ್ಲರಿಗೂ ಒಂದು ಸುತ್ತು ಬಡಿಸಿದಳು. ಆಮೇಲೆ ತಾನೊಂದು ತಾಟು ತೆಗೆದುಕೊಂಡು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಹಾಕಿಕೊಂಡು ಎಲ್ಲರ ನಡುವೆ ಬಂದು ಕುಳಿತಳು. ಜನರ ಕೈ ತಾಟಿನಲ್ಲೇ ನಿಂತಿತು. ಸನ್ಮಾನದಲ್ಲಿ ಮೈಕು ಹಿಡಿದಿದ್ದ ಕಿರಾಣಿ ವ್ಯಾಪಾರಿಯೂ ಅಲ್ಲಿದ್ದ.

‘ಅವ್ವಾ, ನೀವ ಕುಂತ್ರ ನಮಗ ಬಡಿಸವ್ರು ಯಾರು?’ ಎಂದ.

‘ನಿಮಗ ಕೈ ಇಲ್ಲೇನ್ರಿ ಸಾವ್ಕಾರ್ರ? ರೊಟ್ಟಿ ಬುಟ್ಟಿ ಅಲ್ಲೈತಿ, ತಗೋರಿ’ ಎಂದಳು. ಎಂದವಳೇ ರೊಟ್ಟಿ ಬಾಯಿಗಿಟ್ಟು ಕಡಿದಳು. ಕಟುಂ ಎಂದಿತು. ಎಲ್ಲರಿಗೂ ಕೇಳಿಸಿತು. ಆಕೆ ಕಣ್ಣು ಮುಚ್ಚಿ ಅಗಿದಳು, ಮತ್ತೆ ಕಡಿದಳು. ಗದ್ದದ ಜೋಮು ಪೂರ್ತಿ ಹೋಗಿರಲಿಲ್ಲ. ಅಲ್ಲಿ ಚಟ್ನಿ ಹತ್ತಿದ್ದು ಆಕೆಗೆ ಗೊತ್ತಾಗಲಿಲ್ಲ. ಗಂಡ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದ. ತನ್ನ ಗದ್ದ ಮುಟ್ಟಿ ತೋರಿಸಿದ. ಆಕೆ ಸೆರಗಿನಿಂದ ಒರೆಸಿಕೊಂಡು ಊಟ ಮುಂದುವರಿಸಿದಳು. ಅಂದು ನಕ್ಕದ್ದು ನೆನೆದು ಅವನಿಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಹೋಗಿ ಇನ್ನೊಂದು ರೊಟ್ಟಿ ತಂದು ಆಕೆಯ ತಾಟಿಗೆ ಹಾಕಿದ.

ಆಕೆ ಈಗ ಹಣ್ಣು ಹಣ್ಣು ಮುದುಕಿ. ಮುಖದ ತುಂಬ ಗೆರೆ. ದಿನಾ ಮಧ್ಯಾಹ್ನ ಗಿರಾಕಿಗಳ ಜೊತೆಯಲ್ಲೇ ಕುಳಿತು ಹರಟೆ ಹೊಡೆಯುತ್ತ ಉಣ್ಣುತ್ತಾಳೆ. ಚೊಲೋ ಮುದುಕಿಯಾಗುತ್ತೇನೆ ಎಂದಿದ್ದಳು, ಆದಳು.

ಅಜ್ಜಾರು ಕತೆ ಮುಗಿಸಿದರು. ಅಡಿವೆಪ್ಪ ಗಂಟಲು ಸರಿಮಾಡಿಕೊಂಡ.

“ಕತೆ ಚೆನ್ನಾಗಿದೆ ಅಜ್ಜಾರೇ. ಆ ತಾಯಿಗೆ ನಿಜವಾಗಿಯೂ ತೊಂದರೆಯಿತ್ತು, ಮಾಡಿಸಿಕೊಂಡಳು, ಒಳ್ಳೆಯದಾಯಿತು. ನಮ್ಮಕ್ಕನಿಗೆ ಅಂಥದ್ದೇನೂ ಇಲ್ಲ. ಇದ್ದಿದ್ದರೆ ಒಂದು ದಿನವಾದರೂ ಹೇಳುತ್ತಿರಲಿಲ್ಲವೇ? ಗಟ್ಟಿಮುಟ್ಟಾಗಿದ್ದಾಳೆ. ಮನೆಮಂದಿಗೆಲ್ಲ ಅವಳೇ ಅಡುಗೆ ಮಾಡಿ ಬಡಿ‌ಸುತ್ತಾಳೆ. ಇದು ಬರೀ ಚೆಂದ ಕಾಣಬೇಕೆಂಬ ಆಸೆ.”

ಅಜ್ಜಾರು ಅವನ ಕಡೆ ತಿರುಗಿದರು. ಈ ಸಲ ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

“ಅಡಿವೆಪ್ಪಾ, ನಿಮ್ಮಕ್ಕ ಉಣ್ಣುವುದನ್ನು ನೀನು ಎಂದಾದರೂ ನೋಡಿದ್ದೀಯಾ?”

ಅಡಿವೆಪ್ಪ ನೆನಪು ಮಾಡಿಕೊಂಡು ನೋಡಿದ. ಅಕ್ಕ ಬಡಿಸುವುದೇ ಕಣ್ಣ ಮುಂದೆ ಬಂತು, ಉಣ್ಣುವುದು ಒಮ್ಮೆಯೂ ಬರಲಿಲ್ಲ.