ಹಲ್ಲುಗಾಲಿ ಕೆತ್ತುವ ಮೋನಮ್ಮ ಮತ್ತು ಅಳತೆಯ ಅಧಿಕಾರಿ

ಎಲ್ಲರೂ ಬಂದಿರಾ? ಬಾಗಿಲ ಹತ್ತಿರ ಕೂತವರು ಸ್ವಲ್ಪ ಒಳಗೆ ಸರಿಯಿರಿ. ಇದು ಸಿಟ್ಟಿನ ಕಥೆ. ಕೇಳುವಾಗ ನಿಮಗೂ ಸಿಟ್ಟು ಬಂದರೆ ಬರಲಿ, ತಡೆಯಬೇಡಿ.

ಎತ್ತರಗಿರಿ ಅಂತ ಒಂದು ರಾಜ್ಯ. ಊರು ಬೆಟ್ಟದ ತುದಿಯಲ್ಲಿ. ಹೊಳೆ ಬೆಟ್ಟದ ಬುಡದಲ್ಲಿ. ನಡುವೆ ಮುನ್ನೂರು ಮೆಟ್ಟಿಲು. ಹಿಂದಿನ ಕಾಲದವರು ಹೊಳೆಯ ದಡದಲ್ಲಿ ಒಂದು ಯಂತ್ರ ಕಟ್ಟಿದ್ದರು. ಎತ್ತುಗಳು ಸುತ್ತು ಬಂದರೆ ಕಂಚಿನ ದೊಡ್ಡ ಹಲ್ಲುಗಾಲಿ ತಿರುಗುತ್ತಿತ್ತು. ಅದರ ಹಲ್ಲಿಗೆ ಹಲ್ಲು ಸೇರಿಸಿಕೊಂಡು ಪಕ್ಕದ ಚಿಕ್ಕ ಗಾಲಿಯೂ ತಿರುಗುತ್ತಿತ್ತು. ಸರಪಳಿಗೆ ಕಟ್ಟಿದ ಬಿಂದಿಗೆಗಳು ಸಾಲಾಗಿ ನೀರು ಹೊತ್ತು ಮೇಲೆ ಬರುತ್ತಿದ್ದವು.

ಒಂದು ದಿನ ದೊಡ್ಡ ಗಾಲಿ ಸೀಳಿ ಹೋಯಿತು. ಎತ್ತುಗಳು ನಿಂತವು. ನೀರು ನಿಂತಿತು. ಹೆಂಗಸರು ಕೊಡ ಎತ್ತಿ ತಲೆ ಮೇಲೆ ಇಟ್ಟುಕೊಂಡರು.

ಆ ಊರಲ್ಲಿ ಮೋನಮ್ಮ ಅಂತ ಒಬ್ಬಳು. ಎರಕಕ್ಕೆ ಬೇಕಾದ ಮರದ ಅಚ್ಚು ಕೆತ್ತುವುದು ಅವಳ ಕಸುಬು. ಕಂಚಿನ ಗಾಲಿ ನೇರವಾಗಿ ಕಂಚಿನಲ್ಲಿ ಹುಟ್ಟುವುದಿಲ್ಲ ಮಕ್ಕಳೇ. ಮೊದಲು ಅದು ಮರದಲ್ಲಿ ಹುಟ್ಟಬೇಕು. ಹಲ್ಲು ಹಲ್ಲೂ ಕೆತ್ತಿ ಮರದ ಗಾಲಿ ಮಾಡಬೇಕು. ಅದನ್ನು ಮರಳಿನಲ್ಲಿ ಒತ್ತಬೇಕು. ಮರಳು ಕದಲದಂತೆ ಮೆಲ್ಲಗೆ ಎತ್ತಬೇಕು. ಆ ಹಳ್ಳದೊಳಗೆ ಕರಗಿದ ಕಂಚು ಸುರಿಯಬೇಕು. ಸುರಿಯುವವನು ಕಂಚುಗಾರ ಗಂಗಾಚಾರಿ. ಅವನು ಮೋನಮ್ಮನನ್ನು ಅಕ್ಕ ಅನ್ನುತ್ತಿದ್ದ.

ಮೋನಮ್ಮನದು ಮಾತು ಕಡಿಮೆ. ಉಳಿ ಹಿಡಿದರೆ ಊಟದ ಹೊತ್ತೂ ನೆನಪಿರುತ್ತಿರಲಿಲ್ಲ. ದೊರೆ ತೇಗದ ಮರ ಕಳಿಸಿದ. ಅವಳು ಮರ ಒರೆಸಿ, ತನ್ನ ಅಳತೆಕೋಲು ಇಟ್ಟು ಗುರುತು ಹಾಕತೊಡಗಿದಳು.

ಆಗ ಬಂದ ನೋಡಿ, ಸಂಪಂಗಯ್ಯ. ಅಳತೆಯ ಅಧಿಕಾರಿ. ಸಂತೆಯಲ್ಲಿ ಸೇರು, ಪಾವು, ಮೊಳ ಎಲ್ಲ ಸರಿಯಿದೆಯೇ ಅಂತ ನೋಡುವ ಕೆಲಸ ಅವನದು. ಕೈಯಲ್ಲಿ ಸದಾ ದೊರೆಯ ಮುದ್ರೆ ಇದ್ದ ಕಬ್ಬಿಣದ ಮೊಳಕೋಲು. ಆ ಕೋಲು ಹಿಡಿದು ನಡೆದರೆ ತಾನೇ ದೊರೆ ಅನ್ನೋ ಗತ್ತು.

"ಏನಮ್ಮಾ ಮೋನಮ್ಮ, ಒಳ್ಳೇ ತೇಗ ಬಂದಿದೆ. ನನ್ನ ಮಗಳ ಮದುವೆಗೆ ಇದರಲ್ಲೇ ಒಂದು ಮಂಚ ಮಾಡಿಬಿಡು."

"ಇದು ಊರಿನ ನೀರಿಗೆ ಬಂದ ಮರ ಸ್ವಾಮಿ."

"ಗಾಲಿಯನ್ನ ಎರಡು ಬೆರಳು ತೆಳ್ಳಗೆ ಮಾಡು. ಮರ ಉಳಿಯುತ್ತೆ."

"ತೆಳ್ಳಗಾದರೆ ಹಲ್ಲು ಮುರಿಯುತ್ತೆ."

"ಮಾಡ್ತೀಯೋ ಇಲ್ವೋ?"

"ಇಲ್ಲ."

ಸಂಪಂಗಯ್ಯನ ಮುಖ ಕಪ್ಪಿಟ್ಟಿತು. ಸುತ್ತ ನೋಡಿದ. ಮಣೆಯ ಮೇಲಿದ್ದ ಅವಳ ಕೋಲು ಕಂಡಿತು. ತನ್ನ ಕೋಲಿನ ಪಕ್ಕ ಇಟ್ಟು ನೋಡಿದ. ಅವಳ ಮೊಳ ದೊರೆಯ ಮೊಳಕ್ಕಿಂತ ಒಂದು ಭತ್ತದ ಕಾಳಿನಷ್ಟು ಉದ್ದ!

"ಸಿಕ್ಕಿಬಿದ್ದೆಯಲ್ಲೇ ಕಳ್ಳಿ!" ಅಂದ.

ಆ ರಾಜ್ಯದಲ್ಲಿ ಸುಳ್ಳು ಅಳತೆ ಇಟ್ಟುಕೊಂಡವರಿಗೆ ಒಂದೇ ಶಿಕ್ಷೆ. ಬಲಗೈ ಹೆಬ್ಬೆರಳು ಕತ್ತರಿಸುವುದು. ಹೆಬ್ಬೆರಳು ಇಲ್ಲದ ಕೈ ಉಳಿ ಹಿಡಿಯುತ್ತದೆಯೇ?

ಮೋನಮ್ಮನನ್ನು ದೊರೆಯ ಮುಂದೆ ನಿಲ್ಲಿಸಿದರು. ಅವಳು ಅಷ್ಟು ಜನರ ಮುಂದೆ ಯಾವತ್ತೂ ಮಾತಾಡಿದವಳಲ್ಲ. ಆದರೂ ಹೇಳಿದಳು.

"ಬುದ್ಧಿ, ಕರಗಿದ ಕಂಚು ಹಿಗ್ಗಿಕೊಂಡಿರುತ್ತೆ. ಆರುತ್ತಾ ಆರುತ್ತಾ ಕುಗ್ಗುತ್ತೆ. ಒಂದು ಮೊಳಕ್ಕೆ ಒಂದು ಭತ್ತದ ಕಾಳಿನಷ್ಟು. ಅದಕ್ಕೇ ಅಚ್ಚನ್ನ ಅಷ್ಟು ದೊಡ್ಡದಾಗಿ ಕೆತ್ತಬೇಕು. ಪ್ರತಿಸಲ ಲೆಕ್ಕ ಹಾಕೋ ಬದಲು ಕೋಲನ್ನೇ ಉದ್ದ ಮಾಡಿಟ್ಟುಕೊಂಡಿದ್ದೇವೆ. ನಮ್ಮಪ್ಪನ ಕೋಲೂ ಹೀಗೇ ಇತ್ತು. ಇದರಲ್ಲಿ ನಾನು ಸಂತೆಗೆ ಬಟ್ಟೆ ಅಳೆದಿಲ್ಲ. ಅಚ್ಚು ಮಾತ್ರ ಅಳೆದಿದ್ದೇನೆ."

ಸಂಪಂಗಯ್ಯ ಕೈ ಚಾಚಿ ಕೇಳಿದ, "ಕಂಚು ಏನು ಒಗೆದ ಸೀರೆಯೇನಮ್ಮಾ, ಕುಗ್ಗೋಕೆ?"

ಮಂತ್ರಿ ನಕ್ಕ. ಸೇನಾಪತಿ ನಕ್ಕ. ಕೊನೆಗೆ ದೊರೆಯೂ ನಕ್ಕ. ಎರಕ ಹೊಯ್ಯುವುದನ್ನು ಆ ಮೂವರಲ್ಲಿ ಒಬ್ಬನೂ ಹುಟ್ಟಿದಾಗಿನಿಂದ ನೋಡಿದವನಲ್ಲ. ನಗೋಕೆ ನೋಡಬೇಕೆಂದೇನಿದೆ?

ದೊರೆ ಹೇಳಿದ, "ಊರಿಗೆ ನೀರು ಬೇಕು. ಗಾಲಿ ಮುಗಿಸಲಿ. ದೊರೆಯ ಕೋಲಿನಲ್ಲೇ ಅಳೆದು ಕೆತ್ತಲಿ. ಗಾಲಿ ತಿರುಗಿದ ದಿನ ಬೆರಳು ತೆಗೆಯಿರಿ."

ಎಂಥ ನ್ಯಾಯ ನೋಡಿ! ಕೆಲಸ ಕೆಟ್ಟರೆ ಶಿಕ್ಷೆ ಅನ್ನುವುದನ್ನು ಕೇಳಿದ್ದೇವೆ. ಕೆಲಸ ಮುಗಿದರೆ ಶಿಕ್ಷೆ! ಸಂಪಂಗಯ್ಯ ಅವಳ ಕೋಲನ್ನು ಅಲ್ಲೇ ಮೊಣಕಾಲಿಗೆ ಕೊಟ್ಟು ಮುರಿದ. ಮೋನಮ್ಮ ಚೂರುಗಳನ್ನು ಸೆರಗಿಗೆ ಆಯ್ದುಕೊಂಡಳು. ಅವಳ ಕಣ್ಣಲ್ಲಿ ನೀರು ಬರಲಿಲ್ಲ.

ಮೊದಲನೇ ಗಾಲಿ ಕೆತ್ತಿದಳು. ಸಂಪಂಗಯ್ಯ ಬಂದು ಕಬ್ಬಿಣದ ಕೋಲಿಟ್ಟು ಅಚ್ಚು ಅಳೆದ. ಸರಿಯಾಗಿದೆ ಅಂತ ತಾನೇ ಮುದ್ರೆ ಒತ್ತಿದ. ಗಂಗಾಚಾರಿ ಎರಕ ಹೊಯ್ದ. ಗಾಲಿಯನ್ನು ಹೊಳೆ ದಡದಲ್ಲಿ ಕೂರಿಸಿದರು. ಎತ್ತು ಹೊಡೆದರು. ಮೊದಲ ಹಲ್ಲು ಸೇರಿತು. ಎರಡನೆಯದು ಉಜ್ಜಿತು. ಮೂರನೆಯದು ಕಚ್ಚಿಕೊಂಡು ನಿಂತಿತು.

"ಮರಳು ಹಸಿಯಿತ್ತು," ಅಂದ ಸಂಪಂಗಯ್ಯ.

ಹೆಂಗಸರು ಮುನ್ನೂರು ಮೆಟ್ಟಿಲು ಹತ್ತಿದರು.

ಎರಡನೇ ಗಾಲಿ ಕೆತ್ತಿದಳು. ಅವನೇ ಅಳೆದ. ಅವನೇ ಮುದ್ರೆ ಒತ್ತಿದ. ಮರಳನ್ನು ಮೂರು ದಿನ ಬಿಸಿಲಿಗೆ ಹಾಕಿ ಎರಕ ಹೊಯ್ದರು. ಮೊದಲ ಹಲ್ಲು ಸೇರಿತು. ಎರಡನೆಯದು ಉಜ್ಜಿತು. ಮೂರನೆಯದು ಕಚ್ಚಿಕೊಂಡು ನಿಂತಿತು.

"ಬೆಂಕಿ ಸಾಲಲಿಲ್ಲ," ಅಂದ ಸಂಪಂಗಯ್ಯ.

ಗಂಗಾಚಾರಿಗೆ ಉರಿದುಹೋಯಿತು. "ಮೂವತ್ತು ವರ್ಷದಿಂದ ಬೆಂಕಿ ಮುಂದೆ ಬೇಯ್ತಿದ್ದೀನಿ ಸ್ವಾಮಿ. ನಿಮಗೆ ಒಲೆ ಊದಿಯಾದರೂ ಗೊತ್ತಾ?"

"ಬಾಯಿ ಮುಚ್ಚು. ಇಲ್ಲದಿದ್ದರೆ ನಿನ್ನ ತಕ್ಕಡಿಯನ್ನೂ ನೋಡಬೇಕಾಗುತ್ತೆ."

ಆ ವಾರ ಮೆಟ್ಟಿಲ ಮೇಲೆ ಒಬ್ಬ ಬಸುರಿ ಹೆಂಗಸು ಕೊಡದ ಸಮೇತ ಜಾರಿದಳು. ಜೀವ ಉಳಿಯಿತು. ಕಾಲು ಮುರಿಯಿತು. ಮೋನಮ್ಮ ಅವಳ ಮನೆಗೆ ಹೋಗಿ ನೀರು ತುಂಬಿಟ್ಟು ಬಂದಳು. ಸರಿಯಾದ ಗಾಲಿ ಕೆತ್ತಲು ಬರುವ ಕೈ ತನಗಿದೆ. ಆ ಕೈಯಿಂದಲೇ ತಪ್ಪು ಗಾಲಿ ಕೆತ್ತಿಸುತ್ತಿದ್ದಾರೆ. ಇದಕ್ಕಿಂತ ದೊಡ್ಡ ಅವಮಾನ ಯಾವುದು?

ಮೂರನೇ ಗಾಲಿಯೂ ಆಯಿತು. ಬೆಂಕಿಗೆ ಎರಡು ಪಟ್ಟು ಇದ್ದಿಲು ಹಾಕಿದ್ದರು. ಮೊದಲ ಹಲ್ಲು ಸೇರಿತು. ಎರಡನೆಯದು ಉಜ್ಜಿತು. ಮುಂದೆ ನಾನು ಹೇಳಬೇಕೇ?

ಈ ಸಲ ಸಂಪಂಗಯ್ಯ ನೇರವಾಗಿ ದೊರೆಯ ಹತ್ತಿರ ಓಡಿದ. "ಮಹಾಸ್ವಾಮಿ, ಈಗ ಗೊತ್ತಾಯ್ತು! ಗಾಲಿ ತಿರುಗಿದರೆ ಬೆರಳು ಹೋಗುತ್ತಲ್ಲ, ಅದಕ್ಕೇ ಬೇಕೆಂದೇ ಚಿಕ್ಕದಾಗಿ ಕೆತ್ತುತ್ತಿದ್ದಾಳೆ!"

ಮೋನಮ್ಮನನ್ನೂ ಗಂಗಾಚಾರಿಯನ್ನೂ ಸಭೆಗೆ ಕರೆಸಿದರು. ಮೋನಮ್ಮ ತಲೆಯೆತ್ತಿ ಕೇಳಿದಳು, "ಅಚ್ಚಿಗೆ ಮುದ್ರೆ ಒತ್ತಿದ್ದು ನೀವಲ್ಲವೇ?"

"ಒತ್ತಿದ ಮೇಲೆ ತುರಿದಿದ್ದೀಯ."

"ಹಾಗಾದರೆ ಅಚ್ಚು ತರಿಸಿ. ದೊರೆಯ ಎದುರೇ ಅಳೆಯೋಣ."

ಅಚ್ಚು ಎಲ್ಲಿಂದ ತರುವುದು? ಮೂರು ಅಚ್ಚುಗಳೂ ಎರಕ ಮುಗಿದ ದಿನವೇ ಸಂಪಂಗಯ್ಯನ ಬಚ್ಚಲ ಒಲೆ ಸೇರಿದ್ದವು. ಅವಳು ತಿಂಗಳುಗಟ್ಟಲೆ ಕೆತ್ತಿದ ಹಲ್ಲುಗಳಲ್ಲಿ ಅವನು ಬಿಸಿನೀರು ಕಾಯಿಸಿ ಮೈ ತೊಳೆದಿದ್ದ.

"ಕೆಟ್ಟ ಅಚ್ಚು ಇಟ್ಟುಕೊಂಡು ಏನು ಪೂಜೆ ಮಾಡಬೇಕಿತ್ತೇ? ಸುಡಿಸಿದೆ," ಅಂದ.

ದೊರೆಗೆ ಬೇಸರ ಬಂದಿತ್ತು. "ಬೇರೆ ದೇಶದಿಂದ ಕೆತ್ತುವವರನ್ನು ಕರೆಸೋಣ. ನಾಳೆ ಮಧ್ಯಾಹ್ನ ಇವಳ ಬೆರಳು ತೆಗೆಯಿರಿ," ಅಂದ.

ಗಂಗಾಚಾರಿ ಕಣ್ಣೊರೆಸಿಕೊಂಡ. ಮೋನಮ್ಮ ಒರೆಸಿಕೊಳ್ಳಲಿಲ್ಲ. ತನ್ನ ಹೆಬ್ಬೆರಳನ್ನು ನೋಡಿದಳು. ಆಮೇಲೆ ದೊರೆಯ ಕಡೆ ತಿರುಗಿದಳು.

"ಆಗಲಿ ಬುದ್ಧಿ. ನಮ್ಮ ರಾಜ್ಯದಲ್ಲಿ ಕಳ್ಳರನ್ನ ಹಿಡಿದ ಅಧಿಕಾರಿಗೆ ಚಿನ್ನದ ಕಡಗ ತೊಡಿಸೋ ಪದ್ಧತಿ ಇದೆಯಲ್ಲ. ಸಂಪಂಗಯ್ಯನವರಿಗೆ ಅದು ಬೇಡವೇ? ಬೆರಳು ಹೋದ ಮೇಲೆ ನನ್ನ ಕೈಲಿ ಆಗಲ್ಲ. ಅವರ ಕಡಗದ ಅಚ್ಚು ನಾನೇ ಕೆತ್ತಿಕೊಡ್ತೀನಿ."

ಸಂಪಂಗಯ್ಯನ ಕಿವಿ ನೆಟ್ಟಗಾದವು. ಚಿನ್ನದ ಕಡಗ! ಅದೂ ತುಂಬಿದ ಸಭೆಯಲ್ಲಿ!

"ಪಾಪ, ಕೊನೆಗಾದರೂ ಬುದ್ಧಿ ಬಂತು," ಅಂದ.

"ಆದರೆ ಒಂದು ಮಾತು ಸ್ವಾಮಿ," ಅಂದಳು ಮೋನಮ್ಮ. "ನನ್ನ ಮೇಲೆ ನಿಮಗೆ ನಂಬಿಕೆಯಿಲ್ಲ. ಅಳತೆ ನೀವೇ ಹೇಳಿ. ಎಲ್ಲಾ ಇಲ್ಲೇ, ಸಭೆಯ ಮುಂದೆಯೇ ಆಗಲಿ."

"ಆಗಲಿ. ಕಡಗ ಲೊಳಲೊಳ ಅನ್ನಬಾರದು. ಕೈಗೆ ಸರಿಯಾಗಿ ಕೂರಬೇಕು. ಕೂದಲೆಳೆ ಹೆಚ್ಚಾದರೂ ನಾನು ಒಪ್ಪಲ್ಲ!"

"ಕೂದಲೆಳೆಯೂ ಹೆಚ್ಚು ಮಾಡಲ್ಲ."

ಅವಳು ಅರಮನೆಯ ಅಂಗಳದಲ್ಲೇ ಕೂತು ಮರದ ಬಳೆ ಕೆತ್ತಿದಳು. ಸಂಪಂಗಯ್ಯ ಕೈ ಚಾಚಿ ತೊಟ್ಟು ನೋಡಿದ. ಗೆಣ್ಣಿನ ಮೇಲೆ ಚರ್ಮ ಸವರಿಕೊಂಡು ಹೋಗಿ ಮಣಿಕಟ್ಟಿಗೆ ಕೂತಿತು. ಮತ್ತೆ ಹಾಗೇ ಹೊರಗೆ ಬಂತು. "ಇದು ಅಳತೆ ಅಂದರೆ! ದೊರೆಯ ಕೋಲಿನ ಅಳತೆ!" ಅಂತ ಎಲ್ಲರಿಗೂ ಎತ್ತಿ ತೋರಿಸಿದ. ತನ್ನ ಮುದ್ರೆಯನ್ನೂ ಒತ್ತಿದ.

ಗಂಗಾಚಾರಿ ಆ ಬಳೆಯನ್ನು ಮರಳಿನಲ್ಲಿ ಒತ್ತಿದ. ಎತ್ತಿ ಹೊರಗೆ ತೆಗೆದ. ಮೋನಮ್ಮ ಮರದ ಬಳೆಯನ್ನು ದೊರೆಯ ಕೈಗೇ ಕೊಟ್ಟಳು. "ಇದು ನಿಮ್ಮ ಹತ್ತಿರವೇ ಇರಲಿ ಬುದ್ಧಿ. ಬಚ್ಚಲ ಒಲೆಗೆ ಹೋಗೋದು ಬೇಡ."

ದೊರೆ ಖಜಾನೆಯಿಂದ ತರಿಸಿದ ಚಿನ್ನ ಕರಗಿತು. ಮರಳಿಗೆ ಇಳಿಯಿತು. ಸಂಪಂಗಯ್ಯ ಮರಳಿನ ಪೆಟ್ಟಿಗೆಯ ಪಕ್ಕದಿಂದ ಕದಲಲಿಲ್ಲ. ಯಾರಾದರೂ ಚಿನ್ನ ಚಿವುಟಿಯಾರು ಅಂತ ಕಣ್ಣು ಮಿಟುಕಿಸದೆ ಕಾದ. ಎರಕ ಆರಿತು. ಗಂಗಾಚಾರಿ ಇಕ್ಕಳದಲ್ಲಿ ಎತ್ತಿ, ಮರಳು ಉದುರಿಸಿ, ನೀರಿನಲ್ಲಿ ಅದ್ದಿ ತಟ್ಟೆಯಲ್ಲಿಟ್ಟ. ಥಳಥಳ ಹೊಳೆಯುವ ಕಡಗ.

ಸಂಪಂಗಯ್ಯ ಕೈ ತೂರಿಸಿದ. ಹೋಗಲಿಲ್ಲ.

ತಿರುಗಿಸಿ ತೂರಿಸಿದ. ಹೋಗಲಿಲ್ಲ.

"ಬೆಳಗ್ಗಿನಿಂದ ಕೈ ಸ್ವಲ್ಪ ಊದಿಕೊಂಡಿದೆ, ಅಷ್ಟೇ. ಹರಳೆಣ್ಣೆ ತನ್ನಿ!" ಅಂದ. ಸಭೆಯೆಲ್ಲ ನೋಡುತ್ತಿರುವಾಗ ಚಿನ್ನ ಬಿಡುವುದುಂಟೇ? ಎಣ್ಣೆ ಸುರಿದುಕೊಂಡು ಹಲ್ಲು ಕಚ್ಚಿ ತುರುಕಿದ. ಕಡಗ ಗೆಣ್ಣಿನ ತನಕ ಹೋಗಿ ಸಿಕ್ಕಿಕೊಂಡಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಕೈ ಕೆಂಪಾಯಿತು. ನೋಡುತ್ತಿದ್ದಂತೆ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು.

"ಏನಾಯ್ತು ಸ್ವಾಮಿ?" ಮೋನಮ್ಮ ಮೆಲ್ಲಗೆ ಕೇಳಿದಳು. "ಮರದ ಬಳೆ ಹೋಯಿತಲ್ಲ?"

"ಬಿಡಿಸ್ರೋ! ಬೆರಳು ಸತ್ತುಹೋಗ್ತಿದೆ!"

"ಮರಳು ಹಸಿಯಿತ್ತೇನೋ."

"ಇಲ್ಲ ಕಣೇ! ನಾನೇ ಮುಟ್ಟಿ ನೋಡಿದೆ!"

"ಬೆಂಕಿ ಸಾಲಲಿಲ್ಲವೇನೋ."

"ಚೆನ್ನಾಗೇ ಕರಗಿತ್ತು!"

"ನಾನು ಅಚ್ಚು ತುರಿದೆನೇನೋ."

"ಅಯ್ಯಯ್ಯೋ, ಅಚ್ಚು ದೊರೆಯ ಕೈಲೇ ಇದೆಯಲ್ಲೇ! ಚಿನ್ನ ಕುಗ್ಗಿದೆ! ಆರಿದ ಮೇಲೆ ಕುಗ್ಗಿದೆ! ಬಿಡಿಸು ತಾಯಿ!"

ಈ ಸಲ ಮಂತ್ರಿ ನಗಲಿಲ್ಲ. ಸೇನಾಪತಿ ನಗಲಿಲ್ಲ. ದೊರೆ ಕೈಯಲ್ಲಿದ್ದ ಮರದ ಬಳೆ ನೋಡಿದ, ಸಂಪಂಗಯ್ಯನ ಕೈ ನೋಡಿದ. ಸಿಂಹಾಸನದಿಂದ ಎದ್ದು ಆರ್ಭಟಿಸಿದ, "ನನ್ನ ಕೈಯಿಂದ ಸುಳ್ಳು ನ್ಯಾಯ ಮಾಡಿಸಿದೆಯಾ? ಇವನ ಹೆಬ್ಬೆರಳು ಕತ್ತರಿಸಿ!"

"ಬೇಡ ಬುದ್ಧಿ," ಅಂದಳು ಮೋನಮ್ಮ. "ಆ ಬೆರಳು ನನಗೆ ಯಾಕೆ? ಅದಕ್ಕೆ ಕೆತ್ತೋಕೆ ಬರುತ್ತಾ?"

ಅವಳ ದನಿ ಈಗ ಮೆಲ್ಲಗಿರಲಿಲ್ಲ. ಅಂಗಳದ ಕೊನೆಗೂ ಕೇಳಿಸಿತು.

"ಅವರು ಸುಳ್ಳು ಹೇಳಿದರು. ನಕ್ಕಿದ್ದು ನೀವು. ನನ್ನನ್ನ ಕಳ್ಳಿ ಅಂದಾಗ ಒಂದು ತೊಟ್ಟು ಕಂಚು ಕರಗಿಸಿ ನೋಡಿದ್ದರೆ ಅರ್ಧ ದಿನದಲ್ಲಿ ಮುಗಿಯುತ್ತಿತ್ತು. ನೋಡಲಿಲ್ಲ. ಯಾಕೆ? ಹೇಳಿದವರ ಕೈಲಿ ಮುದ್ರೆಯ ಕೋಲಿತ್ತು. ನನ್ನ ಕೈಲಿ ಉಳಿ ಇತ್ತು. ಮೂರು ಗಾಲಿ ಹಾಳಾಯ್ತು. ಒಬ್ಬಳ ಕಾಲು ಹೋಯ್ತು. ಅದಕ್ಕೆ ಯಾರ ಬೆರಳು ಕತ್ತರಿಸ್ತೀರಿ?"

"ಏನು ಮಾಡಬೇಕು, ನೀನೇ ಹೇಳು," ಅಂದ ದೊರೆ.

"ನಾಲ್ಕನೇ ಗಾಲಿ ನಾನು ನನ್ನ ಕೋಲಿನಲ್ಲಿ ಕೆತ್ತುತ್ತೀನಿ. ಅದು ತಿರುಗೋ ತನಕ ಈ ಅಂಗಳದಲ್ಲಿ ನಕ್ಕವರೆಲ್ಲ ನೀರು ಹೊರಬೇಕು. ಹೆಂಗಸರ ಕೊಡ ಕೆಳಗಿಳಿಯಲಿ."

ಆಮೇಲೆ ಲೋಹ ತೇಯುವ ಅರ ಹಿಡಿದು ಸಂಪಂಗಯ್ಯನ ಹತ್ತಿರ ಕೂತಳು. ಅರವನ್ನು ಕಡಗಕ್ಕೆ ಮುಟ್ಟಿಸಿ ನಿಲ್ಲಿಸಿದಳು.

"ನಾನು ಯಾರು ಸ್ವಾಮಿ?"

"ಕೆತ್ತುವವಳು ತಾಯಿ."

"ಜೋರಾಗಿ."

"ಕೆತ್ತುವವಳು!"

"ಕಳ್ಳಿಯಾ?"

"ಅಲ್ಲ! ಕಳ್ಳಿ ಅಲ್ಲ! ನಾನು ಸುಳ್ಳು ಹೇಳಿದೆ!"

ಆಗ ಕಡಗ ಕತ್ತರಿಸಿದಳು. ಚರ್ಮಕ್ಕೆ ಒಂದು ಗೀರೂ ಬೀಳಲಿಲ್ಲ. ಅಂಥ ಕೈ ಅವಳದು.

ಸಂಪಂಗಯ್ಯನ ಅಧಿಕಾರ ಹೋಯಿತು, ಕಬ್ಬಿಣದ ಕೋಲು ಹೋಯಿತು. ಮಾರನೇ ದಿನದಿಂದ ಅವನು ಕೊಡ ಹೊತ್ತ. ಮಂತ್ರಿ ಹೊತ್ತ. ಸೇನಾಪತಿ ಹೊತ್ತ. ದೊರೆಯೂ ಹೊತ್ತ. ನೂರನೇ ಮೆಟ್ಟಿಲಿಗೆ ದೊರೆಗೆ ಏದುಸಿರು. ಇನ್ನೂರನೆಯದಕ್ಕೆ ಕಾಲು ನಡುಕ. ಮುನ್ನೂರನೆಯದಕ್ಕೆ ಕಿರೀಟ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡ. "ಏನು ಮಾಸ್ವಾಮಿ, ಅರ್ಧ ಕೊಡ ದಾರಿಯಲ್ಲೇ ಚೆಲ್ಲಿದಿರಲ್ಲ!" ಅಂತ ಒಬ್ಬ ಮುದುಕಿ ಗದರಿದಳು. ಅವನು ಕೊಡ ಹಿಡಿದು ಮತ್ತೆ ಕೆಳಗಿಳಿದ.

ಮೋನಮ್ಮ ಅವಸರ ಮಾಡಲಿಲ್ಲ. ಹೊಸ ಕೋಲು ಮಾಡಿಕೊಂಡಳು, ಮೊಳಕ್ಕೆ ಒಂದು ಭತ್ತದ ಕಾಳು ಹೆಚ್ಚು. ಒಂದೊಂದೇ ಹಲ್ಲು ಕೆತ್ತಿದಳು. ಗಂಗಾಚಾರಿ ಎರಕ ಹೊಯ್ದ. ಗಾಲಿ ಕೂರಿಸಿದರು. ಎತ್ತು ಹೊಡೆದರು. ಮೊದಲ ಹಲ್ಲು ಸೇರಿತು. ಎರಡನೆಯದು ಸೇರಿತು. ಮೂರನೆಯದೂ ಸೇರಿತು. ಗಾಲಿ ಪೂರ್ತಿ ಒಂದು ಸುತ್ತು ಬಂತು, ಬಿಂದಿಗೆಗಳು ನೀರು ತುಂಬಿಕೊಂಡು ಬೆಟ್ಟ ಹತ್ತಿದವು.

ಇದರ ನೀತಿಯನ್ನು ಬಿಡಿಸಿಯೇ ಹೇಳಿಬಿಡುತ್ತೇನೆ ಮಕ್ಕಳೇ, ದೊಡ್ಡವರಾದ ಮೇಲೆ ಕೇಳಿಸಲಿಲ್ಲ ಅನ್ನಬೇಡಿ. ನಿಮಗೆ ಗೊತ್ತಿಲ್ಲದ ಕೆಲಸವನ್ನು ಮಾಡುವವರ ಅಳತೆ ನಿಮ್ಮ ಅಳತೆಗೆ ಹೊಂದದಿದ್ದರೆ, ಅವರನ್ನು ಕಳ್ಳರು ಅನ್ನುವ ಮೊದಲು ಯಾಕೆ ಅಂತ ಕೇಳಿ. ಹೇಳಿದರೆ ನಗಬೇಡಿ, ಹೋಗಿ ನೋಡಿ. ಸುಳ್ಳು ಹೇಳುವವನು ತಪ್ಪಿತಸ್ಥ. ನೋಡದೆ, ಕೇಳದೆ ಅದನ್ನು ನಂಬಿ ಶಿಕ್ಷೆ ಕೊಡುವವನು, ಎಷ್ಟು ಎತ್ತರದಲ್ಲಿ ಕೂತಿದ್ದರೂ, ಅವನಷ್ಟೇ ತಪ್ಪಿತಸ್ಥ.