ಸೇತುವೆಯ ಕೆಳಗಿನ ಗಾಳಿ

ಹೊಳೆಯ ದಡದ ಹಳೆಯ ಪಂಪ್‌ಹೌಸಿನಲ್ಲಿ ಚನ್ನಬಸಮ್ಮ ಎಂಬ ಗುರು ಇದ್ದರು. ಸೇತುವೆ, ಅಣೆಕಟ್ಟುಗಳನ್ನು ಪರೀಕ್ಷಿಸುವ ಡ್ರೋನುಗಳಿಗೆ ತಾವಾಗಿಯೇ ಹಾರುವುದನ್ನು ಕಲಿಸುವುದು ಅವರ ವಿದ್ಯೆ. ರೇವಣಸಿದ್ಧ ಅವರ ಶಿಷ್ಯ.

ಆ ವರ್ಷ ದೊಡ್ಡ ನೆರೆ ಬಂದು ಇಳಿಯಿತು. ಸೇತುವೆ ಮೇಲ್ನೋಟಕ್ಕೆ ಗಟ್ಟಿಯಾಗಿಯೇ ಇತ್ತು. ಆಚೆ ದಡದಲ್ಲಿ ಜನ ತುಂಬಿದ ಬಸ್ಸುಗಳು ಕಾದು ನಿಂತಿದ್ದವು. ಬಿಡಬಹುದೇ ಎಂದು ಅಧಿಕಾರಿಗಳು ಗುರುವನ್ನು ಕೇಳಿದರು.

ಕಂಬಗಳ ಬುಡ ನೋಡದೆ ಹೇಳುವಂತಿರಲಿಲ್ಲ. ಆ ಸೆಳವಿಗೆ ಯಾರೂ ಇಳಿಯುವಂತಿರಲಿಲ್ಲ.

ರೇವಣಸಿದ್ಧ ತಾನೇ ಪಳಗಿಸಿದ ಡ್ರೋನನ್ನು ಹಾರಿಬಿಟ್ಟ. ಅದು ಸೇತುವೆಯ ಅಡಿಗೆ ಹೊಕ್ಕಿತು. ಕಂಬಗಳ ನಡುವೆ ನುಗ್ಗಿ ಬಂದ ಗಾಳಿ ಅದನ್ನು ಒಮ್ಮೆಲೇ ವಾಲಿಸಿತು.

ಶಿಷ್ಯ ಹಾರಾಟವನ್ನು ತನ್ನ ಕೈಗೆ ತೆಗೆದುಕೊಂಡು ರಿಮೋಟನ್ನು ಒತ್ತಿದ. ಡ್ರೋನು ಇನ್ನಷ್ಟು ಓಲಾಡಿ ಕಂಬದ ಕಡೆಗೇ ಸರಿಯಿತು.

"ಕೈ ಬಿಡು," ಎಂದರು ಗುರು.

"ಬಿಟ್ಟರೆ ಬೀಳುತ್ತದೆ ಅಮ್ಮ."

"ಕಲಿಸಿದವನು ನೀನೇ ಅಲ್ಲವೇ? ಬಿಡು."

ಅವನು ಬಿಟ್ಟ.

ಡ್ರೋನು ಒಂದು ಸಲ ನಡುಗಿತು. ಆಮೇಲೆ ಕಂಬದ ಪಕ್ಕದಲ್ಲೇ, ಮೊಳದಷ್ಟು ದೂರದಲ್ಲಿ, ಮೊಳೆ ಹೊಡೆದಂತೆ ನಿಂತಿತು.

ಪರದೆಯ ಮೇಲೆ ಕಂಬದ ಬುಡ ಕಂಡಿತು. ಕಲ್ಲು ಕೊಚ್ಚಿಹೋಗಿ, ಎತ್ತು ಹೊಗುವಷ್ಟು ಪೊಳ್ಳು ಬಿದ್ದಿತ್ತು.

ಗುರು ಕೂಡಲೇ ಫೋನು ಮಾಡಿ ಒಂದು ಸೈಕಲ್ಲನ್ನೂ ಬಿಡಬೇಡಿ ಎಂದರು. ಆಚೆ ದಡದ ಬಸ್ಸುಗಳು ಒಂದೊಂದಾಗಿ ಹಿಂದಿರುಗಿ ಹೊರಟವು. ಕಿಟಕಿಗಳಲ್ಲಿ ಮಕ್ಕಳ ಮುಖಗಳಿದ್ದವು. ಶಿಷ್ಯ ಬಹಳ ಹೊತ್ತು ಅವನ್ನೇ ನೋಡಿದ.

ಡ್ರೋನು ಮರಳಿ ಬಂದಾಗ ಗುರು ಅದನ್ನು ಇಳಿಸಗೊಡಲಿಲ್ಲ. ಬೀಸುಗಾಳಿಯಲ್ಲೇ ತಲೆಯ ಮೇಲೆ ನಿಲ್ಲಿಸಲು ಹೇಳಿದರು.

ಶಿಷ್ಯ ತಲೆಯೆತ್ತಿ ನೋಡಿದ.

"ಇದರ ಒಂದೊಂದು ಲೆಕ್ಕವನ್ನೂ ಬರೆದವನು ನಾನೇ. ಆದರೂ ನಂಬಲಾಗುತ್ತಿಲ್ಲ. ಇಂಥ ಗಾಳಿಯಲ್ಲಿ ಅಲುಗದೆ ಹೇಗೆ ನಿಂತಿದೆ?"

"ಕಣ್ಣು ಮುಚ್ಚಿ ಕೇಳು."

ಅವನು ಕಣ್ಣು ಮುಚ್ಚಿದ. ನಾಲ್ಕು ರೆಕ್ಕೆಗಳ ಸದ್ದೂ ಬೇರೆ ಬೇರೆಯಾಗಿತ್ತು. ಒಂದು ಏರುವಾಗ ಇನ್ನೊಂದು ಇಳಿಯುತ್ತಿತ್ತು. ಯಾವುದೂ ಅರೆಗಳಿಗೆಯೂ ಒಂದೇ ಸಮ ಇರಲಿಲ್ಲ.

"ಅಮ್ಮ, ಇದಕ್ಕೆ ಬಿಡುವೇ ಇಲ್ಲ," ಎಂದ ಮೆಲ್ಲಗೆ.

"ಕ್ಷಣಕ್ಷಣವೂ ಬೀಳುತ್ತಿದೆ ಮಗನೇ," ಎಂದರು ಗುರು. "ಕ್ಷಣಕ್ಷಣವೂ ಏಳುತ್ತಿದೆ."